ಅಪ್ಪನ ಸುತಳಿ ಚಿಕಿತ್ಸೆ

ಕಾಯಿಲೆ ಬಿದ್ದವರಿಂದಲೂ ದುಡಿಸಿಕೊಳ್ಳುವ ಕಟುಕನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಮನೆಯಲ್ಲೇ ಹುಟ್ಟಿ ಬೆಳೆದಿದ್ದೇನೆ. ಅವನು ಬೇರಾರೂ ಅಲ್ಲ, ನಮ್ಮಪ್ಪ!

ನಮ್ಮೂರು ಇಂಡಿ. ಅಲ್ಲಿನ ಮಾರ್ಕೆಟ್ಟಿನಲ್ಲಿ ಅಪ್ಪನದು ನಿಂಬೆಹಣ್ಣಿನ ವ್ಯಾಪಾರ. ಚೀಲದ ಬಾಯಿ ಕಟ್ಟುವ ಸುತಳಿ ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಬಳಗದಲ್ಲಿ ಯಾರಾದರೂ ಹಾಸಿಗೆ ಹಿಡಿದರೆಂದು ಗೊತ್ತಾದರೆ ಸಾಕು, ವ್ಯಾಪಾರ ಬಿಟ್ಟು ಬಸ್ಸು ಹತ್ತುತ್ತಿದ್ದ. ಬೇರೆಯವರು ಬಾಳೆಹಣ್ಣು ಒಯ್ದರೆ ಇವನು ಒಯ್ಯುತ್ತಿದ್ದದ್ದು ಸಿಕ್ಕುಸಿಕ್ಕಾದ ಒಂದು ಸುತಳಿ ಉಂಡೆ! "ಹೆಂಗದೀರಿ?" ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿಯೇ ಅರ್ಧ ಜನ ಸೊರಗುತ್ತಾರೆ ಎಂಬುದು ಅವನ ವಾದ.

ಸಿಂದಗಿಯಲ್ಲಿ ನನ್ನ ತಾಯಿಯ ತಂದೆ ಕಾಲು ಮುರಿದುಕೊಂಡು ಮಲಗಿದ್ದರು. ಅಪ್ಪ ಹೋದವನೇ ಉಂಡೆಯನ್ನು ಮುಂದಿಟ್ಟ.

"ಮಾವಾರ, ಇದನ್ನಷ್ಟು ಬಿಚ್ಚಿ ಕೊಡ್ರಿ. ಚೀಲ ಕಟ್ಟೂದು ನಿಂತೈತಿ."

"ಅಳ್ಯಾರ, ನನ್ನ ಕಾಲು ಮುರದೈತ್ರಿ!"

"ಕಾಲು ಮುರದೈತಿ, ಖರೆ. ಕೈಗೇನಾಗೈತ್ರಿ?"

ಅಜ್ಜ ಗೊಣಗುತ್ತ ಉಂಡೆ ಎತ್ತಿಕೊಂಡರು. ಸಂಜೆಯವರೆಗೆ ಕೂತು ಬಿಚ್ಚಿದರು. ಅಷ್ಟು ಹೊತ್ತೂ ಕಾಲಿನ ಮಾತೆತ್ತಲಿಲ್ಲವಂತೆ.

ಮುದ್ದೇಬಿಹಾಳದ ನಮ್ಮ ಸೋದರತ್ತೆಯದು ಇನ್ನೂ ದೊಡ್ಡ ಕಥೆ. ದಮ್ಮು ಹೆಚ್ಚಾಗಿ, ತನ್ನ ಕಾಲ ಮುಗಿಯಿತೆಂದು ಸೊಸೆಯಂದಿರಿಗೆ ಸೀರೆಗಳನ್ನೆಲ್ಲ ಹಂಚಿಬಿಟ್ಟಿದ್ದಳು. "ನಾ ಹೊಂಟ್ನೋ ತಮ್ಮಾ" ಎಂದು ಅತ್ತಳು. ಅಪ್ಪ ಅವಳ ಮಡಿಲಿಗೆ ಉಂಡೆ ಹಾಕಿ, "ಹೋಗು ಅಕ್ಕಾ, ಯಾರು ಬ್ಯಾಡ ಅಂದ್ರು? ಇದನ್ನಷ್ಟು ಬಿಚ್ಚಿಟ್ಟು ಹೋಗು" ಅಂದ! ಅತ್ತೆ ಮೂರು ದಿನ ತಮ್ಮನಿಗೆ ಬಾಯಿಗೆ ಬಂದದ್ದು ಬೈಯುತ್ತ ಬಿಚ್ಚಿದಳು. ನಾಲ್ಕನೆಯ ದಿನ ಎದ್ದು ಕೂತು ಸೀರೆಗಳನ್ನು ವಾಪಸು ಕೇಳಿದಳು. ಸೊಸೆಯಂದಿರು ಅಪ್ಪನನ್ನು ಇವತ್ತಿಗೂ ಕ್ಷಮಿಸಿಲ್ಲ.

ಮಜಾ ಏನೆಂದರೆ, ಆ ಗಂಟುಗಳನ್ನು ಹಾಕುತ್ತಿದ್ದವನೂ ಅಪ್ಪನೇ! ಕಟ್ಟೆಯ ಮೇಲೆ ಕೂತು ನೆಟ್ಟಗಿದ್ದ ಸುತಳಿಯನ್ನು ಹಾಳುಮಾಡುತ್ತಿದ್ದ. ಜ್ವರದವರಿಗೆ ಸಡಿಲ ಗಂಟು. ಕೈಕಾಲು ಮುರಿದವರಿಗೆ ಸ್ವಲ್ಪ ಬಿಗಿ. ಜೀವವೇ ಬೇಡ ಅನ್ನುವವರಿಗೆ ಹಲ್ಲಿನಿಂದ ಕಚ್ಚಿ ಎಳೆದ ಗಂಟು.

"ನಿಮಗ ಹುಚ್ಚು ಹಿಡದೈತೇನ್ರಿ?" ಎಂದು ಅವ್ವ ರೇಗಿದರೆ, "ಇದು ಔಷಧ. ಡೋಸು ನೋಡಿ ಕೊಡಬೇಕಾಗ್ತೈತಿ" ಅನ್ನುತ್ತಿದ್ದ.

ಇಂಥ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಿತು. ಬಳಗವೆಲ್ಲ ಬಂತು. ಎಷ್ಟು ಬಾಳೆಹಣ್ಣು ಅಂತೀರಿ! ಎಲ್ಲರೂ "ಹೆಂಗದೀರಿ?" ಎಂದರು, "ಆರಾಮ ಮಲ್ಕೋರಿ" ಎಂದರು. ಸುತಳಿ ಮಾತ್ರ ಯಾರೂ ತರಲಿಲ್ಲ. ನಾನೇನು ಕಡಿಮೆಯೇ? ಬಸವನ ಬಾಗೇವಾಡಿಯ ನನ್ನ ಗಂಡನ ಮನೆಯಿಂದ ಪ್ರತಿ ಭಾನುವಾರ ಬಂದು, "ಅಪ್ಪಾ, ನೀ ಏನೂ ಮಾಡಬ್ಯಾಡ, ಸುಮ್ನ ಮಲ್ಕೊ" ಎಂದು ಹೇಳಿ ಹೋಗುತ್ತಿದ್ದೆ. ಎರಡು ವರ್ಷ ಅದನ್ನೇ ಹೇಳಿದೆ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗತೊಡಗಿದ. ಒಂದು ಭಾನುವಾರ ಬಾಯಿಗೆ ಗಂಜಿ ಹಿಡಿದರೆ ತುಟಿಯನ್ನೇ ತೆರೆಯಲಿಲ್ಲ.

ಆಗ ನನಗೆ ಬುದ್ಧಿ ಬಂತು. ಅಡಿಗೆಮನೆಯಲ್ಲಿ ಕೂತು ಸುತಳಿಗೆ ಏಳು ಗಂಟು ಹಾಕಿ ತಂದು ಅವನ ಎಡಗೈಯಲ್ಲಿಟ್ಟೆ.

"ಅಪ್ಪಾ, ಇದು ನನಗ ಬಿಚ್ಚಾಕ ಬರವಲ್ದು."

ಅಪ್ಪ ಸುತಳಿ ನೋಡಿದ, ನನ್ನನ್ನು ನೋಡಿದ. ಅವನಿಗೆ ಗೊತ್ತಾಗದೆ ಇರುತ್ತದೆಯೇ?

"ಯಾರು... ಕಟ್ಟಿದ್ದು? ಗಂಟು... ಹಾಕಾಕೂ ಬರಂಗಿಲ್ಲ... ಅವರಿಗೆ!"

ನಾವಿಬ್ಬರೂ ನಕ್ಕೆವು. ಅವ್ವ ಗಂಜಿ ಬಿಸಿ ಮಾಡಿ ತಂದಳು. ಮುಂದೆ ಒಂದು ವರ್ಷ, ಭಾನುವಾರ ನಾನು ಕಟ್ಟಿ ಕೊಡುವುದು, ಮುಂದಿನ ಭಾನುವಾರದೊಳಗೆ ಅವನು ಬಿಚ್ಚಿ ಇಡುವುದು.

ಹೋದ ತಿಂಗಳು ಅಪ್ಪ ತೀರಿಕೊಂಡ. ಬಂದವರೆಲ್ಲ ನನ್ನ ಕೈಹಿಡಿದು, "ಭಾಳ ನರಳಿದ್ರು, ಬಿಡುಗಡೆ ಆತು" ಎಂದರು. ನನಗೆ ಯಾವ ಬಿಡುಗಡೆಯೂ ಆಗಲಿಲ್ಲ. ಸುಮ್ಮನೆ ಮಲಗು ಎಂದು ಎರಡು ವರ್ಷ ಕಳೆದುಬಿಟ್ಟೆನಲ್ಲ! ಊಟ ಸೇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನಾನೂ ಮಲಗಿಬಿಟ್ಟೆ.

ಅವ್ವ ಬಂದು ಪಕ್ಕದಲ್ಲಿ ಕೂತಳು. ಅಪ್ಪನ ದಿಂಬಿನ ಕೆಳಗೆ ಸಿಕ್ಕ ಸುತಳಿಯನ್ನು ನನ್ನ ಕೈಗೆ ಕೊಟ್ಟಳು. ಕೊನೆಯ ಭಾನುವಾರ ನಾನು ಹಾಕಿದ್ದ ಏಳೂ ಗಂಟುಗಳು ಬಿಚ್ಚಿದ್ದವು. ನಡುವೆ ಹೊಸದೊಂದು ಗಂಟಿತ್ತು. ಕಲ್ಲಿನಷ್ಟು ಗಟ್ಟಿ. ಅದರ ಮೇಲೆ ಹಲ್ಲಿನ ಗುರುತು.

"ನಾಕ ದಿನ ಹಿಡದು ಕಟ್ಟಿದ್ರವ್ವಾ. ಯಾರಿಗ್ರಿ ಇದು ಅಂತ ಕೇಳಿದ್ರ, 'ಬಾಗೇವಾಡಿಯಾಕಿಗೆ... ಬೇಕಾಗ್ತೈತಿ' ಅಂದ್ರು."

ನಾನು ಎದ್ದು ಕೂತು ಬಿಚ್ಚತೊಡಗಿದೆ.