ಎಡಗಡೆ ಗುಡುಗುಡು, ಬಲಗಡೆ ರಾಗ

ಏನೂ ಗೊತ್ತಿಲ್ಲದವನ ಹಟವನ್ನು ಹೇಗೋ ಸಹಿಸಬಹುದು. ಅರ್ಧ ಗೊತ್ತಿದ್ದವನ ಹಟ ಊರಿಗೇ ಉಪದ್ರವ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ನಾನು ಎರಡನೆಯ ಪಂಗಡದವನು. ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿದ್ದುಕೊಂಡು ರೈಲ್ವೆ ಸಿಗ್ನಲ್ ಕೆಲಸ ಮಾಡುವ ನಾನು ಐವತ್ತು ದಾಟಿದ ಮೇಲೆ ಒಂದು ಡಿಜಿಟಲ್ ಪಿಯಾನೊ ಕೊಂಡೆ. ನುಡಿಸಲು ಕಲಿಯಬೇಕೆಂದಿತ್ತು, ಬೆರಳುಗಳು ಒಪ್ಪಲಿಲ್ಲ. ಆಗ ಮಿಡಿ ಎಂಬುದು ಸಿಕ್ಕಿತು. ಮಿಡಿ ಅಂದರೆ ಹಾಡಲ್ಲ. ಯಾವ ಕೀಯನ್ನು ಯಾವಾಗ, ಎಷ್ಟು ಜೋರಾಗಿ ಒತ್ತಬೇಕು ಎಂಬ ಆಜ್ಞೆಗಳು. ಕಂಪ್ಯೂಟರಿನಲ್ಲಿ ಆಜ್ಞೆ ಬರೆದಿಟ್ಟರೆ ಪಿಯಾನೊ ತನ್ನಷ್ಟಕ್ಕೆ ತಾನೇ ನುಡಿಯುತ್ತದೆ, ನಾವು ಕಾಲು ಚಾಚಿ ಕೂತು ತಲೆದೂಗಬಹುದು. ಸರ್ಕಾರಿ ನೌಕರನಿಗೆ ಇದಕ್ಕಿಂತ ಒಪ್ಪುವ ಸಂಗೀತವಿಲ್ಲ.

ಇದು ಇಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನನ್ನ ಹೆಂಡತಿ ಮಹಾದೇವಿ ಹಾಡಲು ಹೆಸರು ಕೊಟ್ಟಳು. ನಾನು ಮೈಸೂರಿನ ಕಡೆಯವನು, ಅವಳು ಕಲಬುರಗಿಯವಳು. ಇಷ್ಟು ವರ್ಷ ಅವಳ ಹಾಡು ಅಡಿಗೆಮನೆಯ ಹೊಸಿಲು ದಾಟಿದ್ದಿಲ್ಲ. ಅವ್ವನಿಂದ ಕಲಿತ ಬೀಸುವ ಪದ, ನಾಲ್ಕೇ ನುಡಿ. ಹದಿನೈದು ದಿನದಿಂದ ಹಿಟ್ಟು ನಾದುವಾಗ, ಬಟ್ಟೆ ಒಣಗಿಸುವಾಗ ಅದನ್ನೇ ಗುನುಗುತ್ತಿದ್ದಳು. ಮಂದಿ ಮುಂದೆ ದನಿ ನಡುಗಿದರೆ ಏನು ಗತಿ ಎಂದು ಅವಳಿಗೆ ನಿಜವಾದ ಹೆದರಿಕೆ. ನಾನು ಆ ಹೆದರಿಕೆಗೆ ಮದ್ದಾಗಿ ಪಿಯಾನೊ ಸೂಚಿಸಿದೆ. "ಬೀಸೂ ಪದಕ್ಕ ಪಿಯಾನೊ ಎದಕ್ರೀ?" ಎಂದಳು. ನನ್ನ ಮುಖ ನೋಡಿ, "ಆತು, ಬಾರಸ್ರಿ" ಎಂದು ಒಪ್ಪಿದಳು.

ಪಿಯಾನೊದ ಹಿಂದೆ ಸದ್ದು ಹೊರಬರಲು ಎರಡು ತೂತುಗಳಿವೆ. ಎರಡಕ್ಕೂ ವೈರು ಸಿಕ್ಕಿಸಿದರೆ ಸ್ಟೀರಿಯೊ: ಒಂದಷ್ಟು ಸದ್ದು ಎಡಕ್ಕೆ, ಒಂದಷ್ಟು ಬಲಕ್ಕೆ. ಎಡಗಡೆಯದಕ್ಕೆ ಮಾತ್ರ ಸಿಕ್ಕಿಸಿದರೆ ಮೋನೋ: ಎಲ್ಲ ಸೇರಿ ಒಂದೇ ಸದ್ದು. ನಾನು ಹೆಡ್‌ಫೋನ್ ಹಾಕಿಕೊಂಡು ಕೂತು, ಮಂದ್ರದ ಗುಡುಗುಡನ್ನು ಪೂರ್ತಿ ಎಡಕ್ಕೂ ರಾಗವನ್ನು ಪೂರ್ತಿ ಬಲಕ್ಕೂ ತಳ್ಳಿದೆ. ನಡುವೆ ಅವಳ ದನಿಗೆ ಸಿಂಹಾಸನದಂಥ ಜಾಗ ಬಿಟ್ಟೆ. ಕಿವಿಗೆ ಸ್ವರ್ಗವೇ ಇಳಿದಂತಾಯಿತು. ಎರಡನೇ ವೈರಿಗಾಗಿ ಕೋಠಿ ಬಜಾರಿಗೆ ಹೋದರೆ ಅಂಗಡಿಯವನು, "ದೋ ಕಾಯ್ಕು ಸಾಬ್? ಏಕ್ ಇಚ್ ಬಸ್ ಹೈ" ಎಂದು ಒಂದೇ ಸಾಕೆಂದ. ವ್ಯಾಪಾರ ಬೇಡವೆನ್ನುವ ವ್ಯಾಪಾರಿಯನ್ನು ನಂಬಬೇಕಿತ್ತು, ನಾನು ನಂಬಲಿಲ್ಲ.

ಕಾರ್ಯಕ್ರಮದ ದಿನ ಮೈಕ್ ಸೆಟ್ಟಿನ ಶರಣಪ್ಪನೂ ಅದನ್ನೇ ಹೇಳಿದ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಈಗ ಸೌಂಡ್ ಬಾಡಿಗೆಗೆ ಕೊಡುವವನು. "ಸರ, ಇದು ಹಾಲ್ ಐತ್ರಿ, ಹೆಡ್‌ಫೋನ್ ಅಲ್ರಿ. ಆ ಕಡಿ ಕುಂತವ್ರಿಗೆ ಆ ಕಡಿ ಡಬ್ಬಾದ್ದಷ್ಟ ಕೇಳ್ತೈತಿ. ಒಂದ ವೈರ್ ಹಾಕ್ರಿ, ಎಲ್ಲಾ ಕೂಡಿ ಬರ್ತೈತಿ." ಸ್ಟೀರಿಯೊ ಎಂದರೇನೆಂದು ನಾನು ಅವನಿಗೆ ಕಾಲು ಗಂಟೆ ತಿಳಿಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಅಕ್ಕಾರ ಮೈಕ್ ಮಾತ್ರ ಎರಡೂ ಕಡಿ ಬಿಡ್ತೀನ್ರಿ, ಅದರಾಗ ಕೈ ಹಾಕಬ್ಯಾಡ್ರಿ" ಎಂದು ಎದ್ದುಹೋದ.

ನಮ್ಮ ಸಂಘದಲ್ಲಿ ಗಂಡಸರು ಎಡಗಡೆ, ಹೆಂಗಸರು ಬಲಗಡೆ ಕೂರುತ್ತಾರೆ. ಯಾರೂ ಮಾಡಿದ ನಿಯಮವಲ್ಲ, ಯಾರೂ ಮುರಿದದ್ದೂ ಇಲ್ಲ. ಹೀಗಾಗಿ ರಾಗವೆಲ್ಲ ಹೆಂಗಸರ ಪಾಲಾಯಿತು, ಗಂಡಸರಿಗೆ ಬರೀ ಗುಡುಗುಡು. ಎರಡೂ ಸರಿಸಮ ಕೇಳುವುದು ನಟ್ಟನಡುವೆ, ಓಡಾಡುವ ದಾರಿಯಲ್ಲಿ. ಅಲ್ಲಿ ನಾನೊಬ್ಬನೇ ಕುರ್ಚಿ ಹಾಕಿಕೊಂಡು ಕೂತೆ. ಕಾಫಿ ತಟ್ಟೆ ಹಿಡಿದವರು ನನ್ನ ಮೊಣಕಾಲು ತಪ್ಪಿಸಿಕೊಂಡು ಹೋಗುತ್ತಿದ್ದರು. ಹಾಡು ಶುರುವಾಯಿತು. ನಾನು ಕಣ್ಣು ಮುಚ್ಚಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕಿವಿ ಕೊಟ್ಟೆ. ಪರೀಕ್ಷೆಯ ಮೇಲ್ವಿಚಾರಕನಂತೆ ಒಂದೊಂದು ಸ್ವರವೂ ತನ್ನ ಜಾಗದಲ್ಲಿದೆಯೇ ಎಂದು ಲೆಕ್ಕ ಹಿಡಿದೆ. ಕೊನೆಯ ನುಡಿಯಲ್ಲಿ ಹಾಲೆಲ್ಲ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿತು. ಎಡದಿಂದ ಬಲಕ್ಕೆ ನಾನು ಹರಿಸಿದ ಸ್ವರಗಳ ಸರವನ್ನು ಜನ ಮೆಚ್ಚಿದರೆಂದೇ ನಾನು ತಿಳಿದೆ. ಎದ್ದು ನಿಂತು ಕೈಮುಗಿದೆ. ನಗು ಇನ್ನೂ ಜೋರಾಯಿತು.

ಆಟೋದಲ್ಲಿ ಮಹಾದೇವಿಯ ಮುಖ ಅರಳಿತ್ತು. ಎಡಗಡೆಯ ಸ್ಪೀಕರಿನ ಹಿಂದೆ ನಿಂತಿದ್ದ ಅವಳಿಗೂ ಗುಡುಗುಡಷ್ಟೇ ಕೇಳಿಸಿತಂತೆ. "ಥೇಟ್ ಬೀಸುಕಲ್ಲಿನಂಗ ಆತ್ರಿ, ಹೆದರಿಕೀನ ಹೋತು" ಎಂದಳು. ಆಮೇಲೆ ಸೆರಗು ಸರಿ ಮಾಡಿಕೊಂಡು, ಆಟೋದವನಿಗೆ ಕೇಳದಂತೆ, "ನಾ ಹೇಳಿದ್ದು ಕೇಳಿಸ್ತೊ ಇಲ್ಲೊ ನಿಮಗ?" ಎಂದಳು.

"ಏನು ಹೇಳಿದೆ?"

ಒಡಪು ಹೇಳಿದ್ದಳಂತೆ. ಅವರ ಕಡೆ ಹೆಂಗಸರು ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳುವುದಿಲ್ಲ. ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರೆ, ಅದೂ ಮದುವೆ, ಸೀಮಂತದಂಥ ಸಂದರ್ಭದಲ್ಲಿ. ನಮ್ಮದು ರಿಜಿಸ್ಟರ್ ಮದುವೆ, ಒಡಪು ಹೇಳೆಂದು ಕೇಳುವವರೇ ಇರಲಿಲ್ಲ. ಅವ್ವ ಕಲಿಸಿದ ನಾಲ್ಕನೇ ನುಡಿ ಬಿಟ್ಟು, ಅದೇ ಧಾಟಿಯಲ್ಲಿ ತಾನೇ ಕಟ್ಟಿದ ಒಡಪಿನಲ್ಲಿ, ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಅವಳು ನನ್ನ ಹೆಸರು ಹೇಳಿದ್ದಳು. ಇನ್ನೂರು ಮಂದಿಯ ಮುಂದೆ. ಹದಿನೈದು ದಿನದ ಹೆದರಿಕೆ ಅದರದ್ದಂತೆ.

"ಇನ್ನೊಂದು ಸಲ ಹೇಳು" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಒಡಪು ಹಂಗ ಸುಮ್ಮ ಸುಮ್ಮನ ಹೇಳ್ತಾರೇನ್ರೀ?" ಎಂದು ಅವಳು ರಸ್ತೆ ನೋಡತೊಡಗಿದಳು.

ಮರುದಿನ ಶರಣಪ್ಪನಿಗೆ ಫೋನ್ ಮಾಡಿದೆ. ಅವನಿಗೆ ಅಕ್ಷರ ಅಕ್ಷರವೂ ನೆನಪಿತ್ತು. "ಭಾಳ ಛಲೋ ಹೇಳಿದ್ರು ಬಿಡ್ರಿ ಅಕ್ಕಾರು! ಆದ್ರ ಅದನ್ನ ನಾ ಹ್ಯಾಂಗ ಹೇಳ್ಲಿರಿ ಸರ? ಮನ್ಯಾಗ ಕೇಳ್ರಿ" ಎಂದ. ಮನೆಯಲ್ಲಿ ಕೇಳಲು ಶುರು ಮಾಡಿ ಈಗ ಮೂರು ವಾರವಾಯಿತು. ಅವಳು ಎಂದಿನಂತೆ "ಏನ್ರೀ" ಎನ್ನುತ್ತಾಳೆ.