ಕಾರ್ಡಿದ್ದವನ ಕುತ್ತಿಗೆ

ಹೃಷಿಕೇಶನ ಕುತ್ತಿಗೆ ಆ ಬೆಳಿಗ್ಗೆ ಹಿಡಿದುಕೊಂಡದ್ದು ಅಂಗಿಯ ಬೆನ್ನಿಗೆ ಇಸ್ತ್ರಿ ಸರಿಯಾಗಿ ಬಿದ್ದಿದೆಯೇ ಎಂದು ಕನ್ನಡಿಯಲ್ಲಿ ನೋಡಲು ಹೋಗಿ. ಕಳಕ್ ಎಂದಿತು. ಎಡಕ್ಕೆ ತಿರುಗಿದ ಮುಖ ಅಲ್ಲೇ ನಿಂತಿತು, ಬೀಗರ ಮನೆಯಲ್ಲಿ ಎರಡನೇ ಹೋಳಿಗೆ ಬಡಿಸಲಿಲ್ಲವೆಂದು ಮುನಿಸಿಕೊಂಡವನ ಹಾಗೆ.

ಇಸ್ತ್ರಿಗೆ ಕಾರಣವಿತ್ತು. ಮಹಾಪೆಯ ಕಾಲೇಜೊಂದರಲ್ಲಿ ಅವನು ಪಿಎಚ್‌ಡಿ ಮಾಡುತ್ತ, ಜೊತೆಗೆ ಬಿಎಸ್ಸಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ. ಹೀಗೆ ಪಾಠ ಮಾಡುವ ಸಂಶೋಧಕರ ಫೀಸನ್ನು ಸರ್ಕಾರವೇ ತುಂಬುತ್ತಿತ್ತು. ಮೇಲೊಂದು ಆರೋಗ್ಯ ವಿಮೆಯ ಕಾರ್ಡನ್ನೂ ಕೊಟ್ಟಿತ್ತು. ಈ ಅನುದಾನ ಮುಂದುವರಿಯಬೇಕೇ ಬೇಡವೇ ಎಂದು ನೋಡಲು ಸಮಿತಿ ಬರುವುದು ಅಂದೇ. ಅದು ನಿಂತರೆ ಹೃಷಿಕೇಶನ ಪಿಎಚ್‌ಡಿಯೂ ನಿಂತಂತೆ.

ಹೊರನಾಡ ಕನ್ನಡಿಗರೇ ತುಂಬಿದ್ದ ಕೋಪರಖೈರಣೆಯ ಅವನ ಕಟ್ಟಡದಲ್ಲಿ ಪಕ್ಕದ ಮನೆ ಶಾಂತಮ್ಮನವರದು. ಹಾಲಿನ ಪ್ಯಾಕೆಟ್ಟಿಗೆ ಬಾಗಿಲು ತೆಗೆದವರು ಹೃಷಿಕೇಶನನ್ನು ನೋಡಿ, "ಯಾಕಪ್ಪಾ, ನಮ್ಮನ್ನ ಕಂಡ್ರೆ ಮುಖ ತಿರುಗಿಸ್ಕೊಳ್ಳೋ ಹಾಗಾಯ್ತಾ?" ಎಂದರು.

"ಇಲ್ಲ ಆಂಟಿ, ಕತ್ತು ಹಿಡ್ಕೊಂಡಿದೆ."

"ರೀ, ಬನ್ರೀ ಇಲ್ಲಿ!"

ಬಂದವರು ಅವರ ಯಜಮಾನರು ಸೂರ್ಯನಾರಾಯಣ. ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕನ್ನಡಕ ಸರಿಮಾಡಿಕೊಂಡು ಕುತ್ತಿಗೆಯನ್ನು ಪರೀಕ್ಷಿಸಿ, "ನಲವತ್ತೈದು ಡಿಗ್ರಿ" ಎಂದರು.

ಅಷ್ಟರಲ್ಲಿ ಕೆಳಗಿನ ಮನೆಯ ಚಂದ್ರಾಮ ಮೆಟ್ಟಿಲು ಹತ್ತಿ ಬಂದ. ಕಲಬುರಗಿ ಕಡೆಯವನು, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವ ಕೈಗಳು. "ಇದರಾಗೇನದರೀ ಸರ? ಒಂದ್ ಝಟಕಾ ಕೊಟ್ರ ಸೀದಾ ಆಗ್ತದ" ಎಂದವನೇ, ಹೃಷಿಕೇಶ ಬೇಡ ಎನ್ನುವುದರೊಳಗೆ ಕೊಟ್ಟೇಬಿಟ್ಟ.

ಮುಖ ಈಗ ಬಲಕ್ಕೆ ತಿರುಗಿ ನಿಂತಿತು.

"ಎಡಕಿಂದು ಹೋಯ್ತು ನೋಡ್ರಿ" ಎಂದ ಚಂದ್ರಾಮ ಹೆಮ್ಮೆಯಿಂದ.

"ಆಸ್ಪತ್ರೆಗೆ ನಡಿ" ಎಂದರು ಶಾಂತಮ್ಮ. "ಸರ್ಕಾರ ಕಾರ್ಡ್ ಕೊಟ್ಟಿರೋದು ದೇವರ ಮುಂದಿಟ್ಟು ಪೂಜೆ ಮಾಡೋಕಲ್ಲ."

ಗಂಡ ಹೆಂಡತಿ ಅವನನ್ನು ಕರೆದುಕೊಂಡು ಘಣಸೋಲಿಯ ಆಸ್ಪತ್ರೆಗೆ ರಿಕ್ಷಾ ಹಿಡಿದರು. ಹೃಷಿಕೇಶ ಬಲಕ್ಕೇ ನೋಡುತ್ತಿದ್ದುದರಿಂದ ರಿಕ್ಷಾದವನು ಸಿಕ್ಕ ಸಿಕ್ಕಲ್ಲೆಲ್ಲ ಬಲಕ್ಕೆ ತಿರುಗಿಸಿ, ಹೊರಟ ಚೌಕಕ್ಕೇ ಒಮ್ಮೆ ತಂದು ನಿಲ್ಲಿಸಿದ.

ಡಾಕ್ಟರು ಮುಟ್ಟಿ ನೋಡಿ, ಮುಲಾಮು ಸಾಕು ಎಂದರು. ಕೌಂಟರಿನಲ್ಲಿದ್ದ ಯಾಮಿನಿ ಒಪ್ಪಲಿಲ್ಲ. ಮಂಗಳೂರಿನ ಹುಡುಗಿ, ನೇರ ಮಾತು. "ಬರೀ ಮುಲಾಮಿಗೆ ಕಾರ್ಡ್ ನಡಿಯುದಿಲ್ಲ ಮಾರಾಯ್ರೆ. ಅಡ್ಮಿಟ್ ಆದ್ರೆ ಎಲ್ಲ ಫ್ರೀ."

"ಹಾಗಾದ್ರೆ ಅಡ್ಮಿಟ್ ಮಾಡಿ!" ಎಂದರು ಶಾಂತಮ್ಮ.

"ಆಂಟಿ, ನಂಗೆ ಕ್ಲಾಸಿದೆ! ಸಮಿತಿ ಬರುತ್ತೆ!"

"ಇವರು ಹೋಗಿ ನಿಮ್ಮ ಪ್ರೊಫೆಸರಿಗೆ ಹೇಳಿ ಬರ್ತಾರೆ. ನೀನು ಮಲಕ್ಕೋ."

ಸೂರ್ಯನಾರಾಯಣ ಹೊರಟರು. ಹೃಷಿಕೇಶ ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು, ಬಲಗಡೆಯ ಗೋಡೆಯನ್ನು ನೋಡುತ್ತ ಮಲಗಿದ. ಪಾಠ ಮಾಡುವವನಿಲ್ಲದ ತರಗತಿಯನ್ನು ಕಂಡು ಸಮಿತಿ ಏನು ಬರೆದುಕೊಳ್ಳುತ್ತದೋ ಎಂದು ನೆನೆದಾಗಲೆಲ್ಲ ಏಳಲು ಹೋಗಿ, ಕುತ್ತಿಗೆ ನೋಯುತ್ತಲೇ ಮತ್ತೆ ಮಲಗುತ್ತಿದ್ದ.

ಸಂಜೆ ಬಾಗಿಲಲ್ಲಿ ಇಬ್ಬರು ಕಾಣಿಸಿದರು. ಒಬ್ಬರು ಹೃಷಿಕೇಶನ ಪ್ರೊಫೆಸರ್ ಮುರಾರಿ, ಧಾರವಾಡದವರು, ಕೈಯಲ್ಲಿ ಪೇಡೆಯ ಡಬ್ಬಿ. ಹಿಂದೆ ಸೂರ್ಯನಾರಾಯಣ, ಮೈತುಂಬ ಚಾಕ್‌ಪೀಸಿನ ಪುಡಿ.

"ಉಳೀತು ನೋಡಪಾ!" ಎಂದರು ಮುರಾರಿ. "ಅನುದಾನ ಮುಂದುವರೀತು. ಎಲ್ಲಾರ ಫೀಸೂ, ಎಲ್ಲಾರ ವಿಮೇನೂ!"

"ಹೇಗೆ ಸರ್? ನಾನೇ ಇರ್ಲಿಲ್ವಲ್ಲ!"

ಸೂರ್ಯನಾರಾಯಣ ನಾಚಿಕೊಂಡರು. "ಪ್ರೊಫೆಸರನ್ನ ಹುಡುಕ್ತಾ ನಿನ್ನ ಕ್ಲಾಸಿಗೇ ಹೋದೆ. ಮಕ್ಕಳು ಕಾಯ್ತಿದ್ರು. ಬೋರ್ಡು ಖಾಲಿ ಇತ್ತು. ನಾನು ಏನು ಮಾಡ್ಲಿ ಹೇಳು?"

ಪಾಠ ಅರ್ಧವಾಗುವಾಗ ಸಮಿತಿ ಒಳಗೆ ಬಂತಂತೆ. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಿದ್ದರಂತೆ. ಮುರಾರಿ ಬಾಯಿ ತೆರೆಯುವ ಮೊದಲೇ ಅಧ್ಯಕ್ಷರ ಕಣ್ಣು ತುಂಬಿ ಬಂದಿತ್ತಂತೆ: ಈ ವಯಸ್ಸಿನಲ್ಲೂ ಪಿಎಚ್‌ಡಿ ಮಾಡುವವರಿಗಲ್ಲದೆ ಇನ್ಯಾರಿಗೆ ಕೊಡಬೇಕು ಸರ್ಕಾರದ ದುಡ್ಡು!

"ನಾ ಸುಮ್ಮನಿದ್ದೆ" ಎಂದರು ಮುರಾರಿ. "ಹತ್ತ ಮಂದಿ ಸಂಶೋಧಕರ ಅನ್ನದ ಪ್ರಶ್ನೆ."

ಹೃಷಿಕೇಶನಿಗೆ ನಗು ತಡೆಯಲಾಗಲಿಲ್ಲ. ನಗುವಿನ ರಭಸಕ್ಕೆ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಶಾಂತಮ್ಮ ಎಲ್ಲರಿಗೂ ಪೇಡೆ ಹಂಚಿದರು.

ಆಗ ಯಾಮಿನಿ ಬಂದಳು. "ನಿಮ್ಮ ಕಾರ್ಡ್ ಬಂದ್ ಆಗಿದೆಯಲ್ಲ ಮಾರಾಯ್ರೆ. ಬೆಳಿಗ್ಗೆ ಸರಿ ಇತ್ತು. ಈಗ ಕಂಪ್ಯೂಟರಿನಲ್ಲಿ ವಯಸ್ಸು ಮೀರಿದೆ ಅಂತ ಬರ್ತದೆ. ಅರವತ್ತು ದಾಟಿದವರಿಗೆ ಈ ವಿಮೆ ಇಲ್ಲ. ಬಿಲ್ ನೀವೇ ಕಟ್ಟಬೇಕು."

ಎಲ್ಲರೂ ಮುರಾರಿಯವರ ಕಡೆ ನೋಡಿದರು. ಅವರು ಪೇಡೆ ನುಂಗಿದರು.

"ಅಧ್ಯಕ್ಷರು ಭಾಳ ಒಳ್ಳೆ ಮನುಷ್ಯಾರಪಾ. ರೆಕಾರ್ಡ್‌ನ್ಯಾಗ ನಿನ್ನ ವಯಸ್ಸು ಇಪ್ಪತ್ತೇಳು ಅಂತ ಇತ್ತು. ಟೈಪ್ ಮಾಡಾಂವ ಅಂಕಿ ಹಿಂದ ಮುಂದ ಮಾಡ್ಯಾನ ಅಂತ, ಅಲ್ಲೇ ನಿಂತು ಫೋನ್ ಹಚ್ಚಿ ಎಪ್ಪತ್ತೆರಡು ಮಾಡಿಸಿಬಿಟ್ರು."

"ನಾಳೆನೇ ಹೋಗಿ ಸರಿ ಮಾಡಿಸ್ತೀನಿ ಸರ್!"

"ನಾಳೆ ಬ್ಯಾಡ. ಹಿರಿಯ ಸಂಶೋಧಕರಿಗೆ ಶಾಲು ಹೊದಿಸಾಕ ಮುಂದಿನ ವಾರ ಮತ್ತ ಬರ್ತಾರ. ಅಲ್ಲೀ ತನಕ ನೀ ಕಾಲೇಜಿನ ಕಡೆ ಸುಳೀಬ್ಯಾಡ."

ಸೂರ್ಯನಾರಾಯಣ ಹೃಷಿಕೇಶನ ಹೆಗಲ ಮೇಲೆ ಮೃದುವಾಗಿ ಕೈಯಿಟ್ಟರು.

"ನೀನೇನೂ ಯೋಚನೆ ಮಾಡ್ಬೇಡಪ್ಪ, ರೆಸ್ಟ್ ತಗೋ. ನಾಳೆ ನಮ್ಮ ಕ್ಲಾಸು ಎಷ್ಟು ಗಂಟೆಗೆ?"