ಹಿಪ್ಪರಗಿಯಲ್ಲಿ ಭಾರ ಬೀಜಗಳ ಕ್ಷಯ

ನಕ್ಷತ್ರಗಳ ಒಡಲಿನ ಬೆಂಕಿಯ ವಿಚಾರವನ್ನು ಹೆಂಡತಿಯ ತವರೂರು ಹಿಪ್ಪರಗಿಗೆ ತಿಳಿಸಿಬಿಡಬೇಕೆಂದು ನಾನು ತೀರ್ಮಾನಿಸಿದ್ದು ಯಾರ ಒತ್ತಾಯದಿಂದಲೂ ಅಲ್ಲ. ನಾನು ಜಮಖಂಡಿಯ ವಿಜ್ಞಾನದ ಮಾಸ್ತರ. ಭಾಷಣದಲ್ಲಿ ಒಂದೂ ಇಂಗ್ಲಿಷ್ ಪದ ಸುಳಿಯಬಾರದೆಂಬುದು ನನ್ನ ಹಠ. ಆದ್ದರಿಂದ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ‘ಬೀಜ’ ಎಂದೆ. ಅದು ಕಿರಣ ಸೂಸುತ್ತ ಬೇರೆ ಧಾತುವಾಗುವುದಕ್ಕೆ ‘ಕ್ಷಯ’ ಎಂದೆ. ಊರ ಕಟ್ಟೆಯ ಕರಿಹಲಗೆಯ ಮೇಲೆ ಸ್ವಹಸ್ತದಿಂದ ಬರೆದೆ: ‘ವಿಪರೀತ ಶಾಖದಲ್ಲಿ ಭಾರ ಬೀಜಗಳ ಕ್ಷಯ. ಎಲ್ಲರೂ ಬನ್ನಿ!’

“ಅಲ್ರೀ, ಬಿತ್ತೋ ಹೊತ್ತಿನ್ಯಾಗ ಇದೇನ್ ಬರದೀರಿ? ಎದುರಿಗೇ ನಮ್ಮ ಈರಣ್ಣನ ಬೀಜದ ಅಂಗಡಿ ಐತಿ” ಎಂದು ಹೆಂಡತಿ ಸಂಶಯಪಟ್ಟಳು. ಈರಣ್ಣ ಅವಳ ತಮ್ಮ.

“ನಿನಗ ವಿಜ್ಞಾನ ತಿಳಿಯಂಗಿಲ್ಲ, ಸುಮ್ಮನಿರು” ಎಂದೆ. ಅವಳು ಸುಮ್ಮನಾದಳು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು!

ಸಂಜೆ ಜನವೋ ಜನ! ನನ್ನ ಎದೆ ಉಬ್ಬಿತು. ಎಲ್ಲರ ಕೈಯಲ್ಲೂ ಗೋವಿನಜೋಳದ ಬೀಜದ ಚೀಲವೇಕೆ ಎಂಬುದು ಮಾತ್ರ ತಿಳಿಯಲಿಲ್ಲ.

“ನಕ್ಷತ್ರದ ಕಾವಿಗೆ ಬೀಜದ ಸುತ್ತಲಿನ ಕಣಗಳೆಲ್ಲ ಕಳಚಿಹೋಗುತ್ತವೆ. ಕೋಟ್ಯಂತರ ವರ್ಷ ಬಾಳಬೇಕಾದ ಕೆಲವು ಭಾರ ಬೀಜಗಳು, ಬರಿಮೈಯಾದ ಕೂಡಲೇ, ಬಹಳ ಬೇಗ ಕ್ಷಯಿಸುತ್ತವೆ!” ಎಂದೆ.

ಮುಂದೆ ಕೂತಿದ್ದ ರೈತ ಬೀರಪ್ಪ ಎದ್ದ. “ಕಾವು ಅಂದ್ರ, ತಗಡಿನ ಕೆಳಗಿನ ಕಾವೇನ್ರಿ ಮಾಸ್ತರ?”

“ಕಾವು ಯಾವುದಾದರೇನು, ಮೊದಲು ತತ್ವ ತಿಳಿಯಿರಿ!”

ಬೀರಪ್ಪ ಜನರ ಕಡೆ ತಿರುಗಿದ. “ಕೇಳಿದ್ರಿಲ್ಲೋ? ಈರಣ್ಣನ ಅಂಗಡಿ ಮ್ಯಾಲೂ ತಗಡ ಐತಿ!”

ತಲೆಗಳೆಲ್ಲ ಹಿಂದೆ ನಿಂತಿದ್ದ ಈರಣ್ಣನ ಕಡೆ ತಿರುಗಿದವು. ಅವನ ವರ್ಷದ ವ್ಯಾಪಾರವೆಲ್ಲ ಬಿತ್ತನೆಯ ಆ ನಾಲ್ಕು ದಿನದ್ದು. “ಮಾಮಾ, ನಾ ನಿಮಗೇನ್ ಅನ್ಯಾಯ ಮಾಡೇನ್ರಿ?” ಎಂದ. ನನಗೆ ನಿಜಕ್ಕೂ ಹೆದರಿಕೆಯಾಯಿತು. ತಕ್ಷಣ ತಿದ್ದುಪಡಿ ಹೊರಡಿಸಿದೆ.

“ಮಹನೀಯರೇ, ಸಂಶಯ ಬೇಡ! ನಮ್ಮ ಬಿಸಿಲಿಗೆ ಈ ಬೀಜಗಳು ಜಗ್ಗುವುದಿಲ್ಲ. ಕೋಟಿ ವರ್ಷವಾದರೂ ಇದ್ದ ಹಾಗೆಯೇ ಇರುತ್ತವೆ!”

“ಇದ್ದಂಗ ಇದ್ರ ಮೊಳಕಿ ಯಾವಾಗ ಒಡಿತಾವ್ರಿ?” ಎಂದ ಬೀರಪ್ಪ.

ಚೀಲಗಳು ಒಂದೊಂದಾಗಿ ಈರಣ್ಣನ ಕಾಲ ಬುಡಕ್ಕೆ ಬಿದ್ದವು. “ತಗೋಳಪಾ ನಿನ್ನ ಬೀಜ!”

ಹೆಂಡತಿ ದಡದಡ ಕಟ್ಟೆ ಹತ್ತಿ ಬಂದಳು. “ತಮ್ಮನ ಅಂಗಡಿ ಮುಚ್ಚಿಸ್ತೀರೇನ್? ನಾ ಹೇಳಿದಂಗ ಮೈಕಿನ್ಯಾಗ ಹೇಳ್ರಿ” ಎಂದು ಕಿವಿಯಲ್ಲಿ ಉಸುರಿದಳು. ನಾನು ಅಕ್ಷರಶಃ ಹೇಳಿದೆ.

“ಮಹನೀಯರೇ, ನನಗೆ ಬೀಜದ ಬಗ್ಗೆ ಏನೇನೂ ತಿಳಿಯದು.”

ಸಭೆ ತಣ್ಣಗಾಯಿತು. ಬೀರಪ್ಪ ಚೀಲವನ್ನು ಮತ್ತೆ ಹೆಗಲಿಗೇರಿಸಿದ. “ಅಷ್ಟ ಮದಲ ಹೇಳಬಾರದೇನ್ರಿ!” ಎಂದ. ಉಳಿದವರೂ ತಮ್ಮ ತಮ್ಮ ಚೀಲ ಎತ್ತಿಕೊಂಡು ನಡೆದರು. ಆ ಸಂಜೆ ನಾನಾಡಿದ ಮಾತುಗಳಲ್ಲಿ ಹಿಪ್ಪರಗಿ ಒಂದಿಷ್ಟೂ ಸಂಶಯಪಡದೆ ನಂಬಿದ್ದು ಅದೊಂದನ್ನೇ!